ಮನೆಯ ಮೈನಿಂಗ್ ಯಂತ್ರ ಕೈಕೊಟ್ಟಾಗ

ಬಿಟ್‌ಕಾಯಿನ್‌ನಂಥ ಕ್ರಿಪ್ಟೊಕರೆನ್ಸಿಯ ಲೆಕ್ಕವನ್ನು ಯಾವ ಬ್ಯಾಂಕೂ ಬರೆಯುವುದಿಲ್ಲ. ಜಗತ್ತಿನ ಉದ್ದಗಲಕ್ಕೂ ಇರುವ ಯಂತ್ರಗಳು ಆ ಲೆಕ್ಕವನ್ನು ಬ್ಲಾಕ್ ಎಂಬ ಕಂತುಗಳಲ್ಲಿ ಸೇರಿಸುತ್ತ ಹೋಗುತ್ತವೆ. ಹೊಸ ಬ್ಲಾಕ್ ಸೇರಿಸುವ ಹಕ್ಕು ಬೇಕಾದರೆ ಗೊತ್ತುಪಡಿಸಿದ ಮಿತಿಗಿಂತ ಚಿಕ್ಕದಾದ ಉತ್ತರವೊಂದನ್ನು ಹುಡುಕಬೇಕು. ಅದನ್ನು ಹುಡುಕಲು ಅಡ್ಡದಾರಿಯಿಲ್ಲ. ಒಂದಾದ ಮೇಲೊಂದು ಅಂಕಿ ಹಾಕಿ ನೋಡುತ್ತಲೇ ಇರಬೇಕು. ಈ ಹುಡುಕಾಟವೇ ಮೈನಿಂಗ್; ಒಂದೊಂದು ಪ್ರಯತ್ನವೂ ಒಂದು ಹ್ಯಾಶ್. ಗೆದ್ದ ಯಂತ್ರಕ್ಕೆ ಹೊಸ ನಾಣ್ಯಗಳು ಬಹುಮಾನವಾಗಿ ಸಿಗುತ್ತವೆ. ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಬರುತ್ತದೆ. 2024ರ ಏಪ್ರಿಲ್ ನಂತರ ಒಂದು ಬ್ಲಾಕಿನ ಬಹುಮಾನ 3.125 ಬಿಟ್‌ಕಾಯಿನ್. ಎಷ್ಟೇ ಯಂತ್ರಗಳು ಸೇರಿಕೊಂಡರೂ ಈ ವೇಗ ಹೆಚ್ಚದಂತೆ, 2,016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಹುಡುಕಾಟದ ಕಷ್ಟವನ್ನು ಜಾಲವೇ ಏರಿಸಿ ಇಳಿಸಿ ಸರಿದೂಗಿಸುತ್ತದೆ.

ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು. ಆಗ ಮನೆಯ ಸಾಧಾರಣ ಕಂಪ್ಯೂಟರ್ ಸಾಕಾಗುತ್ತಿತ್ತು. 2010ರ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡ್‌ಗಳು ಆ ಕೆಲಸಕ್ಕೆ ಇಳಿದವು. 2013ರಿಂದ ಮೈನಿಂಗ್‌ಗಾಗಿಯೇ ರೂಪಿಸಿದ ಏಸಿಕ್ ಎಂಬ ಚಿಪ್‌ಗಳು ಬಂದು, ಉಳಿದೆಲ್ಲವನ್ನೂ ಬಿಟ್‌ಕಾಯಿನ್‌ನಿಂದ ಹೊರಗೆ ತಳ್ಳಿದವು. ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಎಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊಕರೆನ್ಸಿ ಆಸರೆಯಾಗಿತ್ತು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಮನೆಯಲ್ಲಿ ಕೂರಿಸಬಹುದಾದ ಯಂತ್ರಗಳು ಈಗ ನಾಲ್ಕು ಬಗೆ: ಸೆಕೆಂಡ್ ಹ್ಯಾಂಡ್ ಏಸಿಕ್, ಆರೆಂಟು ಗ್ರಾಫಿಕ್ಸ್ ಕಾರ್ಡ್ ಜೋಡಿಸಿದ ರಿಗ್, ಪ್ರೊಸೆಸರ್‌ನಿಂದಲೇ ಮೊನೆರೊ ಎಂಬ ನಾಣ್ಯವನ್ನು ಮೈನ್ ಮಾಡುವ ಕಂಪ್ಯೂಟರ್, ಮತ್ತು ಬಿಟ್‌ಆಕ್ಸ್‌ನಂಥ ಅಂಗೈ ಅಗಲದ ಸಣ್ಣ ಸಾಧನ.

ಈ ಯಂತ್ರಗಳಲ್ಲಿ ದೊಡ್ಡವು ತಯಾರಾದದ್ದು ಸ್ಥಿರವಾದ ಕರೆಂಟ್, ತಂಪು ಗಾಳಿ ಇರುವ ದೊಡ್ಡ ಕೇಂದ್ರಗಳಿಗಾಗಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮನೆಗಳಲ್ಲಿ ಅವು ಎದುರಿಸುವ ಪರಿಸ್ಥಿತಿಯೇ ಬೇರೆ. ಚನ್ನಗಿರಿ, ನ್ಯಾಮತಿ ಕಡೆ ಅಡಿಕೆ ತೋಟಗಳ ಪಂಪ್‌ಸೆಟ್, ಹೊನ್ನಾಳಿಯ ತುಂಗಭದ್ರಾ ದಡದ ತೇವ, ಭದ್ರಾ ನಾಲೆಯ ಗದ್ದೆ ಬಯಲಿನ ಹೊಟ್ಟು, ಜಗಳೂರಿನ ಬಿಸಿಲು ಮತ್ತು ಒಣ ಧೂಳು. ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಇವು ಯಾವುವೂ ಇಲ್ಲ. ಆದರೆ ಯಂತ್ರ ಕೈಕೊಡುವುದಕ್ಕೆ ಬಹುಪಾಲು ಕಾರಣ ಇವೇ.

ದೋಷ ಹುಡುಕುವ ಕ್ರಮ

ಯಂತ್ರ ನಿಂತ ಕೂಡಲೇ ಸಾಫ್ಟ್‌ವೇರ್ ಬದಲಿಸುವುದು, ಸೆಟ್ಟಿಂಗ್ ತಿರುವುವುದು ಸಾಮಾನ್ಯ ಅಭ್ಯಾಸ. ಅದರಿಂದ ಇದ್ದ ಒಂದು ದೋಷದ ಜೊತೆಗೆ ಹೊಸ ದೋಷಗಳು ಸೇರಿಕೊಳ್ಳುತ್ತವೆ. ಹುಡುಕಾಟ ಗೋಡೆಯ ಪ್ಲಗ್ಗಿನಿಂದ ಶುರುವಾಗಬೇಕು. ಮೊದಲು ಕರೆಂಟ್, ಆಮೇಲೆ ಶಾಖ ಮತ್ತು ಧೂಳು, ಆಮೇಲೆ ಕೇಬಲ್ ಮತ್ತು ಬೋರ್ಡ್, ಆಮೇಲೆ ಇಂಟರ್ನೆಟ್, ಆಮೇಲೆ ಯಂತ್ರ ಸೇರಿಕೊಂಡ ಮೈನಿಂಗ್ ಗುಂಪು ಅಂದರೆ ಪೂಲ್, ಕೊನೆಗೆ ಸಾಫ್ಟ್‌ವೇರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅರ್ಧ ಗಂಟೆಯಾದರೂ ನೋಡಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು. ದಿನಾಂಕ, ಹೊತ್ತು, ಆಗಿನ ವೋಲ್ಟೇಜ್, ಯಂತ್ರದ ಉಷ್ಣತೆ, ಹ್ಯಾಶ್ ದರ ಇಷ್ಟು ಬರೆದರೆ ಸಾಕು. ದಿನಾ ಸಂಜೆ ಏಳಕ್ಕೇ ಯಂತ್ರ ನಿಲ್ಲುತ್ತಿದೆ ಎಂಬುದು ಬರಹದಲ್ಲಿ ಕಂಡರೆ ದೋಷ ಯಂತ್ರದ್ದಲ್ಲ, ಲೈನಿನದು ಎಂದು ಅಲ್ಲೇ ತಿಳಿಯುತ್ತದೆ.

ಕರೆಂಟ್

ಈ ನಾಲ್ಕೂ ತಾಲ್ಲೂಕುಗಳಿಗೆ ಕರೆಂಟ್ ಕೊಡುವುದು ಬೆಸ್ಕಾಂ. ಮನೆಗೆ ಬರಬೇಕಾದ್ದು 230 ವೋಲ್ಟ್. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ದೂರ ಇರುವ ಮನೆಗಳಲ್ಲಿ, ಮೋಟಾರ್‌ಗಳೆಲ್ಲ ಓಡುವ ಬೇಸಿಗೆಯಲ್ಲಿ, ಅದು 180ಕ್ಕೂ ಇಳಿಯಬಹುದು. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸಿದ ಕಡೆ ಈ ತೊಂದರೆ ಕಡಿಮೆ. ತೋಟದ ಮನೆಗಳಲ್ಲಿ ಹಾಗಲ್ಲ. ಅವುಗಳಿಗೆ ಬರುವುದು ಪಂಪ್‌ಸೆಟ್ ಲೈನೇ ಆದರೆ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಇರುತ್ತದೆ, ಉಳಿದ ಹೊತ್ತಿನ ಸಿಂಗಲ್ ಫೇಸ್ ದುರ್ಬಲವಾಗಿರುತ್ತದೆ.

ವೋಲ್ಟೇಜ್ ಇಳಿದಾಗ ಹಳೆಯ ಬಲ್ಬ್ ಮಂಕಾಗಿ ಉರಿಯುತ್ತದೆ, ಕಡಿಮೆ ಕರೆಂಟ್ ಎಳೆಯುತ್ತದೆ. ಮೈನಿಂಗ್ ಯಂತ್ರದ ಪವರ್ ಸಪ್ಲೈ ಮಾಡುವುದು ಇದಕ್ಕೆ ತದ್ವಿರುದ್ಧ. ಒಳಗೆ ಬೇಕಾದಷ್ಟು ವಾಟ್ ಕೊಡಲೇಬೇಕಾದ್ದರಿಂದ, ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. 2016ರಲ್ಲಿ ಬಂದು ಇಂದಿಗೂ ಸೆಕೆಂಡ್ ಹ್ಯಾಂಡ್ ಆಗಿ ಸಿಗುವ ಆಂಟ್‌ಮೈನರ್ ಎಸ್9 ಸುಮಾರು 1,350 ವಾಟ್ ಬಳಸುತ್ತದೆ. 230 ವೋಲ್ಟ್‌ನಲ್ಲಿ ಅದು ಎಳೆಯುವುದು 5.9 ಆಂಪಿಯರ್, 180 ವೋಲ್ಟ್‌ನಲ್ಲಿ 7.5 ಆಂಪಿಯರ್. ತಂತಿ ಬಿಸಿಯಾಗುವುದು ಆಂಪಿಯರ್‌ನ ವರ್ಗಕ್ಕೆ ಅನುಗುಣವಾಗಿ. ಹಾಗಾಗಿ ಇಷ್ಟೇ ವ್ಯತ್ಯಾಸಕ್ಕೆ ವೈರಿಂಗ್‌ನ ಶಾಖ ನೂರಕ್ಕೆ ಅರವತ್ತರಷ್ಟು ಏರುತ್ತದೆ. ಲೋ ವೋಲ್ಟೇಜಿನಲ್ಲಿ ಪ್ಲಗ್ ಕರಗಲು ಕಾರಣ ಇದು.

ಸ್ವಿಚ್ ಹಾಕಿದಾಗ ಫ್ಯಾನ್ ತಿರುಗಿ, ಹ್ಯಾಶಿಂಗ್ ಶುರುವಾಗುವ ಹೊತ್ತಿಗೆ ಯಂತ್ರ ಆರಿಹೋಗುತ್ತಿದ್ದರೆ ಮೊದಲ ಸಂಶಯ ವೋಲ್ಟೇಜಿನ ಮೇಲೆಯೇ ಇರಬೇಕು. ಎಸ್9ಗೆ ಬಳಸುವ ಪವರ್ ಸಪ್ಲೈ ಪೂರ್ತಿ ಶಕ್ತಿ ಕೊಡಬೇಕಾದರೆ 200 ವೋಲ್ಟ್‌ಗಿಂತ ಮೇಲಿನ ಕರೆಂಟ್ ಬೇಕು. ಯಂತ್ರ ಓಡುತ್ತಿರುವಾಗಲೇ, ಅದೇ ಸಾಲಿನ ಇನ್ನೊಂದು ಪ್ಲಗ್ಗಿನಲ್ಲಿ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆಯಬೇಕು. ಯಂತ್ರ ನಿಂತಾಗ 225, ಓಡುವಾಗ 195 ಎಂದು ತೋರಿಸಿದರೆ ತಂತಿ ತೆಳುವಾಗಿದೆ, ಇಲ್ಲವೇ ಎಲ್ಲೋ ಸ್ಕ್ರೂ ಸಡಿಲವಾಗಿದೆ. ಎರಡೂ ಹೊತ್ತಿನಲ್ಲಿ 190 ಇದ್ದರೆ ತೊಂದರೆ ಹೊರಗಿನ ಲೈನಿನದು. ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಬೇಕು.

ಇಂಥ ಯಂತ್ರವನ್ನು 6 ಆಂಪಿಯರ್‌ನ ಸಣ್ಣ ಪ್ಲಗ್ಗಿಗಾಗಲಿ, ಎಕ್ಸ್‌ಟೆನ್ಶನ್ ಬೋರ್ಡಿಗಾಗಲಿ ಹಾಕಲೇಬಾರದು. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಗೀಸರ್ ನೀರು ಕಾದ ಮೇಲೆ ಆರುತ್ತದೆ. ಮೈನಿಂಗ್ ಯಂತ್ರ ಹಗಲೂ ರಾತ್ರಿ ಒಂದೇ ಸಮ ಎಳೆಯುತ್ತದೆ. ಎಸ್9ಗೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಪ್ಲಗ್, ಪ್ರತ್ಯೇಕ ಎಂಸಿಬಿ ಬೇಕು. ಎಸ್19 ಪ್ರೊದಂಥ 3,250 ವಾಟ್‌ನ ಯಂತ್ರ 14 ಆಂಪಿಯರ್ ಎಳೆಯುವುದರಿಂದ ಅದಕ್ಕೆ 4 ಚದರ ಮಿಲಿಮೀಟರ್ ತಂತಿ, 20 ಆಂಪಿಯರ್ ಲೈನ್ ಪ್ರತ್ಯೇಕವಾಗಿ ಎಳೆಸಬೇಕು. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡ ಎಂಸಿಬಿ ಹಾಕಿಸುವುದು ಪರಿಹಾರವಲ್ಲ. ತಂತಿ ಅದೇ ಇದ್ದು ಎಂಸಿಬಿ ದೊಡ್ಡದಾದರೆ ಗೋಡೆಯೊಳಗೆ ತಂತಿಯೇ ಸುಡುತ್ತದೆ.

ಆರ್‌ಸಿಸಿಬಿ ಬೀಳುವುದು ಬೇರೆ ಸಂಗತಿ. ಕರೆಂಟ್ ಸೋರಿದಾಗ ಲೈನನ್ನು ಕಡಿಯುವ ಸಾಧನ ಅದು. ಪ್ರತಿ ಪವರ್ ಸಪ್ಲೈಯೂ ತನ್ನ ಫಿಲ್ಟರ್ ಮೂಲಕ ಅಲ್ಪ ಪ್ರಮಾಣದ ಕರೆಂಟನ್ನು ಅರ್ಥಿಂಗ್‌ಗೆ ಬಿಡುತ್ತದೆ. ಹಲವು ಯಂತ್ರ ಸೇರಿದಾಗ ಆ ಸೋರಿಕೆಯ ಮೊತ್ತವೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನು ಬೀಳಿಸಬಲ್ಲದು. ಆಗ ಯಂತ್ರಗಳನ್ನು ಬೇರೆ ಬೇರೆ ಸರ್ಕ್ಯೂಟಿಗೆ ಹಂಚಬೇಕೇ ಹೊರತು ಆರ್‌ಸಿಸಿಬಿಯನ್ನು ತೆಗೆಸಬಾರದು. ಅದು ಕಾಯುವುದು ಮನೆಯವರ ಜೀವವನ್ನು.

ಜಗಳೂರಿನಂಥ ಒಣ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಸಂಪೂರ್ಣ ಒಣಗುತ್ತದೆ. ಮಣ್ಣು ಒಣಗಿದರೆ ಕರೆಂಟ್ ಭೂಮಿಗೆ ಇಳಿಯುವ ದಾರಿ ಕಟ್ಟುತ್ತದೆ. ಯಂತ್ರದ ಲೋಹದ ಮೈ ಮುಟ್ಟಿದಾಗ ಜುಂ ಎನ್ನುವುದು ಇದರ ಗುರುತು. ಒಳ್ಳೆಯ ಅರ್ಥಿಂಗ್ ಇದ್ದಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಇರುತ್ತದೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರುತ್ತದೆ. ಈ ಅಳತೆಯನ್ನು ಎಲೆಕ್ಟ್ರೀಷಿಯನ್‌ನಿಂದಲೇ ಮಾಡಿಸಬೇಕು. ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುತ್ತಿರಬೇಕು.

ಟಿಸಿಯಲ್ಲಿ ನ್ಯೂಟ್ರಲ್ ಕಳಚಿದರೆ ಕೆಲವು ಮನೆಗಳಲ್ಲಿ ವೋಲ್ಟೇಜ್ 300 ದಾಟಿಬಿಡುತ್ತದೆ. ಒಂದೇ ಕ್ಷಣದಲ್ಲಿ ಪವರ್ ಸಪ್ಲೈ ಸುಟ್ಟುಹೋಗಲು ಅಷ್ಟು ಸಾಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತವೂ ಲೈನಿನ ಮೂಲಕ ಬರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಲೈನನ್ನು ಕಡಿಯುವ, ಕರೆಂಟ್ ಬಂದ ಮೇಲೂ ಎರಡು ಮೂರು ನಿಮಿಷ ಕಾದು ಮತ್ತೆ ಜೋಡಿಸುವ ಸಾಧನವನ್ನು ಹಾಕಿಸಿದರೆ ಅನಾಹುತ ಎಷ್ಟೋ ತಪ್ಪುತ್ತದೆ. ಸಿಡಿಲು ಬರುವ ಸೂಚನೆ ಕಂಡಾಗ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡುವುದು ಅದಕ್ಕಿಂತ ಖಚಿತವಾದ ಉಪಾಯ.

ಮನೆಯ ಇನ್ವರ್ಟರ್‌ಗೆ ಏಸಿಕ್ ಯಂತ್ರ ಜೋಡಿಸುವುದು ವ್ಯರ್ಥ. ಸಾಮಾನ್ಯ ಇನ್ವರ್ಟರ್ 1,350 ವಾಟ್ ಹೊರಲಾರದು. ಹೊರುವಂಥದ್ದು ಇದ್ದರೂ, 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿರುವುದು 1.8 ಯೂನಿಟ್ ಮಾತ್ರ. ಅದು ಗಂಟೆಯೊಳಗೆ ಬರಿದಾಗುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ.

ಶಾಖ, ಧೂಳು, ತೇವ

ಮೈನಿಂಗ್ ಯಂತ್ರ ಎಳೆದ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಎಸ್9 ಇಟ್ಟ ಕೋಣೆಯಲ್ಲಿ 1,350 ವಾಟ್‌ನ ಹೀಟರ್ ಸದಾ ಉರಿಯುತ್ತಿದೆ ಎಂದೇ ಲೆಕ್ಕ. ಒಂದು ಟನ್ ಏಸಿ ಹೊರಹಾಕುವ ಶಾಖ ಸುಮಾರು 3,500 ವಾಟ್. ಅಂದರೆ ಒಂದೇ ಒಂದು ಎಸ್19 ಪ್ರೊ ತಣ್ಣಗಿರಬೇಕಾದರೆ ಒಂದು ಟನ್ ಏಸಿಯ ಬಹುಪಾಲು ಶಕ್ತಿ ಅದಕ್ಕೇ ಬೇಕು.

ಎಸ್9ಗೆ ತಯಾರಕರು ಹೇಳಿದ ಗಾಳಿಯ ಉಷ್ಣತೆಯ ಮಿತಿ 40 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟ್ ಹೊದಿಸಿದ ಕೋಣೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಯಂತ್ರ ಬಿಸಿಯಾದಾಗ ಫ್ಯಾನ್ ಗರಿಷ್ಠ ವೇಗಕ್ಕೇರುತ್ತದೆ, ಹ್ಯಾಶ್ ದರ ಇಳಿಯುತ್ತದೆ, ಹಾರ್ಡ್‌ವೇರ್ ಎರರ್‌ಗಳ ಎಣಿಕೆ ಏರುತ್ತದೆ, ಕೊನೆಗೆ ಯಂತ್ರ ತಾನಾಗಿ ನಿಲ್ಲುತ್ತದೆ. ರಾತ್ರಿ ಸರಿಯಾಗಿ ಓಡಿ ಮಧ್ಯಾಹ್ನ ಮಾತ್ರ ನಿಲ್ಲುವ ಯಂತ್ರಕ್ಕೆ ರಿಪೇರಿ ಬೇಡ, ಗಾಳಿ ಬೇಕು.

ಗಾಳಿಯ ವ್ಯವಸ್ಥೆಗೆ ಒಂದೇ ನಿಯಮ: ಯಂತ್ರ ಉಗುಳಿದ ಬಿಸಿಗಾಳಿ ಮತ್ತೆ ಅದರ ಬಾಯಿಗೆ ಬರಬಾರದು. ಗೋಡೆಗೆ ಮುಖ ಮಾಡಿ ಇಟ್ಟ ಯಂತ್ರ, ಕಪಾಟಿನೊಳಗಿಟ್ಟ ಯಂತ್ರ ಈ ನಿಯಮ ಮೀರುತ್ತವೆ. ನೆರಳಿರುವ ಉತ್ತರದ ಕಿಟಕಿಯಿಂದ ಗಾಳಿ ಒಳಬರಬೇಕು. ಬಿಸಿಗಾಳಿ ಎದುರು ಗೋಡೆಯ ಎಕ್ಸಾಸ್ಟ್ ಫ್ಯಾನ್ ಮೂಲಕ ಹೊರಹೋಗಬೇಕು. ತಗಡಿನ ಕೋಣೆಗಿಂತ ಹೆಂಚಿನ ಕೋಣೆ ವಾಸಿ. ಎಸ್9ನ ಸದ್ದು ಸುಮಾರು 75 ಡೆಸಿಬಲ್ ಇರುವುದರಿಂದ ಮಲಗುವ, ಓದುವ ಕೋಣೆಯ ಪಕ್ಕ ಅದಕ್ಕೆ ಜಾಗವಿಲ್ಲ.

ಧೂಳಿಗೆ ಇಲ್ಲಿ ಕಾಲವೂ ಇದೆ, ಸುಗ್ಗಿಯೂ ಇದೆ. ಅಡಿಕೆ ಸುಲಿದು ಬೇಯಿಸುವ ತಿಂಗಳುಗಳಲ್ಲಿ ಚನ್ನಗಿರಿ, ನ್ಯಾಮತಿಯ ಮನೆಗಳ ಸುತ್ತ ಸಿಪ್ಪೆಯ ನಾರು, ಒಲೆಯ ಹೊಗೆ, ಹಬೆ ತುಂಬಿರುತ್ತದೆ. ಮೆಕ್ಕೆಜೋಳ ಒಕ್ಕುವಾಗ ಏಳುವ ಹಗುರ ಹೊಟ್ಟು ಯಂತ್ರದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಸಿಕ್ಕಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಗಾಳಿ ಒಳಬರುವ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ವಾರಕ್ಕೊಮ್ಮೆ ತೊಳೆಯಬೇಕು. ಯಂತ್ರವನ್ನು ತಿಂಗಳಿಗೊಮ್ಮೆ, ಸುಗ್ಗಿಯಲ್ಲಿ ಇನ್ನೂ ಬೇಗ, ಆರಿಸಿ ಪ್ಲಗ್ ಕಿತ್ತು ಹೊರಗೆ ತಂದು ಬ್ಲೋವರ್‌ನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಹಿಡಿಯದಿದ್ದರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬಳಸಬಾರದು.

ಮಳೆಗಾಲದ ತೊಂದರೆ ಇನ್ನೊಂದು ಬಗೆಯದು. ಓಡುತ್ತಿರುವ ಯಂತ್ರ ಬಿಸಿಯಾಗಿರುವುದರಿಂದ ತೇವ ಅದರ ಹತ್ತಿರ ಸುಳಿಯುವುದಿಲ್ಲ. ನಿಲ್ಲಿಸಿಟ್ಟ ಯಂತ್ರದ ಬೋರ್ಡಿನ ಮೇಲೆ ಧೂಳು ತೇವ ಹೀರಿ ಅಂಟಾಗುತ್ತದೆ, ಕನೆಕ್ಟರ್‌ಗಳಿಗೆ ಕಿಲುಬು ಹಿಡಿಯುತ್ತದೆ. ಅದೇ ಸ್ಥಿತಿಯಲ್ಲಿ ಸ್ವಿಚ್ ಹಾಕಿದರೆ ಶಾರ್ಟ್ ಆಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಶುಚಿ ಮಾಡಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಕಟ್ಟಿಡಬೇಕು. ಇರುವೆ, ಹಲ್ಲಿಗಳೂ ಬೆಚ್ಚನೆಯ ಪವರ್ ಸಪ್ಲೈಯನ್ನು ಹುಡುಕಿಕೊಂಡು ಬರುತ್ತವೆ. ಫ್ಯಾನಿನ ಬಾಯಿಗೆ ಜಾಲರಿ ಇದ್ದರೆ ಈ ಕಾಟವೂ ಕಡಿಮೆಯಾಗುತ್ತದೆ.

ಕೇಬಲ್ ಮತ್ತು ಬೋರ್ಡ್

ಕರೆಂಟ್ ಸರಿಯಿದ್ದು, ಗಾಳಿ ಸರಿಯಿದ್ದು, ಹ್ಯಾಶ್ ದರ ಮಾತ್ರ ಮೂರನೇ ಒಂದು ಭಾಗ ಕಡಿಮೆ ತೋರಿಸಿದರೆ ಒಂದು ಹ್ಯಾಶ್ ಬೋರ್ಡ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಎಸ್9ನಲ್ಲಿ ಮೂರು ಬೋರ್ಡ್‌ಗಳಿವೆ, ಒಂದೊಂದರಲ್ಲಿ 63 ಚಿಪ್. ಬ್ರೌಸರಿನಲ್ಲಿ ಯಂತ್ರದ ಐಪಿ ವಿಳಾಸ ಹಾಕಿದರೆ ತೆರೆಯುವ ಪುಟದಲ್ಲಿ ಪ್ರತಿ ಬೋರ್ಡಿನ ಚಿಪ್‌ಗಳ ಎಣಿಕೆ ಇರುತ್ತದೆ. 63ರ ಜಾಗದಲ್ಲಿ ಸೊನ್ನೆ ಇದ್ದರೆ ಆ ಬೋರ್ಡಿಗೆ ವಿದ್ಯುತ್ತೋ ಸಂಪರ್ಕವೋ ಇಲ್ಲ. 40, 50 ಎಂದಿದ್ದರೆ ನಡುವಿನ ಒಂದು ಚಿಪ್ ಕೆಟ್ಟಿದೆ. ಚಿಪ್‌ಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಅದರ ಮುಂದಿನವೂ ಕಾಣಿಸುವುದಿಲ್ಲ.

ಸೊನ್ನೆ ತೋರಿಸಿದ ಬೋರ್ಡನ್ನು ಕೂಡಲೇ ಕೈಬಿಡಬೇಕಿಲ್ಲ. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು, ಎಲ್ಲ ಕನೆಕ್ಟರ್‌ಗಳನ್ನೂ ತೆಗೆದು ಒತ್ತಿ ಕೂರಿಸಬೇಕು. ಒಂದು ಬೋರ್ಡಿಗೆ ಹೋಗುವ ಮೂರೂ ಪವರ್ ಕನೆಕ್ಟರ್ ಒಂದೇ ಪವರ್ ಸಪ್ಲೈನಿಂದ ಬರಬೇಕು. ಎರಡು ಸಪ್ಲೈಗಳ ತಂತಿ ಬೆರೆತರೆ ಬೋರ್ಡ್ ಸುಡುತ್ತದೆ. ಆಮೇಲೆ ಕೆಟ್ಟ ಬೋರ್ಡಿನ ಡೇಟಾ ಕೇಬಲ್ಲನ್ನು ಒಳ್ಳೆಯ ಬೋರ್ಡಿನ ಕೇಬಲ್ಲಿನೊಂದಿಗೆ ಅದಲುಬದಲು ಮಾಡಿ ನೋಡಬೇಕು. ದೋಷ ಕೇಬಲ್ಲಿನೊಂದಿಗೆ ಹೋದರೆ ಕೇಬಲ್ ಬದಲಿಸಿದರೆ ಸಾಕು. ಬೋರ್ಡಿನಲ್ಲೇ ಉಳಿದರೆ ಬೋರ್ಡ್ ಕೆಟ್ಟಿದೆ. ಚಿಪ್ ಬದಲಿಸಲು ಟೆಸ್ಟ್ ಜಿಗ್, ಬಿಸಿಗಾಳಿ ಸ್ಟೇಷನ್, ಅದರಲ್ಲಿ ಪಳಗಿದ ಕೈ ಬೇಕು. ಫ್ಯಾನ್, ಕೇಬಲ್, ಥರ್ಮಲ್ ಪೇಸ್ಟ್‌ನಂಥ ಸಾಮಾನು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆಯಲ್ಲಿ ಹುಡುಕಬಹುದು.

ಗ್ರಾಫಿಕ್ಸ್ ಕಾರ್ಡ್ ರಿಗ್‌ನಲ್ಲಿ ಅಪಾಯದ ಜಾಗ ರೈಸರ್, ಅಂದರೆ ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಕೊಂಡಿ. ಕಾರ್ಡ್ ತನ್ನ ಸ್ಲಾಟಿನಿಂದ 75 ವಾಟ್‌ವರೆಗೂ ಎಳೆಯಬಹುದು. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಹೊರಬಲ್ಲದ್ದು 54 ವಾಟ್ ಮಾತ್ರ. ರೈಸರಿಗೆ ಸಾಟಾ ತಂತಿ ಜೋಡಿಸಿದ ರಿಗ್‌ಗಳಲ್ಲಿ ಕನೆಕ್ಟರ್ ಕರಗುವುದು ಇದರಿಂದಲೇ. 6 ಪಿನ್‌ನ ತಂತಿಯನ್ನೇ ಬಳಸಬೇಕು. ಆರನೇ, ಏಳನೇ ಕಾರ್ಡ್ ಜೋಡಿಸಿದಾಗ ಕಂಪ್ಯೂಟರ್ ಎದ್ದೇಳದಿದ್ದರೆ ಬಯೋಸ್‌ನಲ್ಲಿ ‘ಅಬೌವ್ 4ಜಿ ಡಿಕೋಡಿಂಗ್’ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಒಂದು ಕಾರ್ಡ್ ಮಾತ್ರ ಆಗಾಗ ಮಾಯವಾದರೆ ಅದರ ರೈಸರನ್ನು ಮೊದಲು ಬದಲಿಸಿ ನೋಡಬೇಕು, ಓವರ್‌ಕ್ಲಾಕ್ ಇಳಿಸಬೇಕು. ಕಾರ್ಡಿನ ಪವರ್ ಲಿಮಿಟನ್ನು ನೂರಕ್ಕೆ ಎಪ್ಪತ್ತರ ಆಸುಪಾಸಿಗೆ ತಂದರೆ ಹ್ಯಾಶ್ ದರ ಅಷ್ಟಾಗಿ ಇಳಿಯದೆ ಶಾಖ ತಗ್ಗುತ್ತದೆ, ಕರೆಂಟ್ ಉಳಿಯುತ್ತದೆ.

ಇಂಟರ್ನೆಟ್ ಮತ್ತು ಪೂಲ್

ಮೈನಿಂಗ್‌ಗೆ ಬೇಕಾದ ಡೇಟಾ, ವೀಡಿಯೊ ನೋಡುವುದಕ್ಕೆ ಹೋಲಿಸಿದರೆ ತೀರ ಅಲ್ಪ. ವೇಗಕ್ಕಿಂತ ಸಂಪರ್ಕ ಕಡಿಯದಿರುವುದು ಮುಖ್ಯ. ಎಸ್9ಗೆ ವೈಫೈ ಇಲ್ಲ. ರೂಟರಿನಿಂದ ಕೇಬಲ್ ಎಳೆಯಬೇಕು. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಯಂತ್ರಕ್ಕೆ ಹೊಸ ಐಪಿ ವಿಳಾಸ ಕೊಡುವುದುಂಟು. ಹಳೆಯ ವಿಳಾಸದಲ್ಲಿ ಪುಟ ತೆರೆಯದಿದ್ದಾಗ ಯಂತ್ರವೇ ಹೋಯಿತೆಂದು ಗಾಬರಿಯಾಗುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಯಂತ್ರಕ್ಕೆ ಒಂದೇ ವಿಳಾಸವನ್ನು ಕಾಯಂ ಮಾಡಿದರೆ ಈ ಗೊಂದಲ ಇರುವುದಿಲ್ಲ.

ಒಂಟಿ ಯಂತ್ರಕ್ಕೆ ಬ್ಲಾಕ್ ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಾವಿರಾರು ಯಂತ್ರಗಳು ಪೂಲ್ ಕಟ್ಟಿಕೊಂಡು ಹುಡುಕಿ, ಬಂದದ್ದನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಯಂತ್ರ ತಾನು ಮಾಡಿದ ಕೆಲಸಕ್ಕೆ ಪುರಾವೆಯಾಗಿ ಆಗಾಗ ಶೇರ್ ಕಳಿಸುತ್ತದೆ. ತಿರಸ್ಕೃತ ಶೇರ್‌ಗಳು ನೂರಕ್ಕೆ ಒಂದೆರಡರ ಒಳಗಿದ್ದರೆ ಚಿಂತೆಯಿಲ್ಲ. ತಡವಾಗಿ ತಲುಪಿದ ಶೇರ್‌ಗಳು ಹೆಚ್ಚಿದ್ದರೆ ಇಂಟರ್ನೆಟ್ ಮಂದವಾಗಿದೆ, ಇಲ್ಲವೇ ಪೂಲಿನ ಸರ್ವರ್ ದೂರದ ಖಂಡದಲ್ಲಿದೆ. ಏಷ್ಯಾದ ಸರ್ವರ್ ಆರಿಸಿಕೊಳ್ಳಬೇಕು. ತಪ್ಪು ಉತ್ತರದ ಶೇರ್‌ಗಳು ಹೆಚ್ಚಿದ್ದರೆ ಓವರ್‌ಕ್ಲಾಕ್ ಅಥವಾ ಶಾಖ ಕಾರಣ. ಯಂತ್ರ ತೋರಿಸುವ ದರವೂ ಪೂಲ್ ತೋರಿಸುವ ದರವೂ ಒಂದು ಗಂಟೆಯಲ್ಲಿ ಹೊಂದದಿದ್ದರೆ ಅದು ದೋಷವಲ್ಲ. ಪೂಲ್ ಶೇರ್ ಎಣಿಸಿ ಅಂದಾಜು ಮಾಡುತ್ತದೆ. 24 ಗಂಟೆಯ ಸರಾಸರಿಯನ್ನು ಹೋಲಿಸಬೇಕು. ಪೂಲಿನ ವಿಳಾಸದ ಜಾಗದಲ್ಲಿ ಬದಲಿಯಾಗಿ ಎರಡನೇ ಪೂಲನ್ನೂ ನಮೂದಿಸಿರಬೇಕು. ಹಣ ಬಾರದಿದ್ದರೆ ಪೂಲಿನ ಕನಿಷ್ಠ ಪಾವತಿ ಮಿತಿಯನ್ನು ಮುಟ್ಟಿದೆಯೇ ಎಂದು ಮೊದಲು ನೋಡಬೇಕು.

ಸಾಫ್ಟ್‌ವೇರ್

ಕಂಪ್ಯೂಟರ್‌ನಲ್ಲಿ ಮೊನೆರೊ ಮೈನ್ ಮಾಡಲು ಬಳಸುವ ಎಕ್ಸ್‌ಎಂರಿಗ್‌ನಂಥ ತಂತ್ರಾಂಶವನ್ನು ಆಂಟಿವೈರಸ್ ತಡೆಯುತ್ತದೆ. ಇದಕ್ಕೆ ಕಾರಣವಿದೆ. ಬೇರೆಯವರ ಕಂಪ್ಯೂಟರಿಗೆ ಕದ್ದು ನುಗ್ಗಿ ಮೈನಿಂಗ್ ಮಾಡಿಸುವವರೂ ಇದೇ ತಂತ್ರಾಂಶವನ್ನು ಬಳಸುತ್ತಾರೆ. ಅಧಿಕೃತ ತಾಣದಿಂದ ಇಳಿಸಿಕೊಂಡು, ಅಲ್ಲಿ ಕೊಟ್ಟ ಚೆಕ್‌ಸಮ್ ತಾಳೆ ನೋಡಿದ ಮೇಲೆ ಆ ಒಂದು ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಬೇಕು. ಆಂಟಿವೈರಸನ್ನೇ ಆಫ್ ಮಾಡಬಾರದು. ಮೊನೆರೊದ ರ‍್ಯಾಂಡಮ್‌ಎಕ್ಸ್ ಪದ್ಧತಿಗೆ 2 ಜಿಬಿಗೂ ಮಿಕ್ಕಿದ ಮೆಮೊರಿ, ಪ್ರತಿ ಥ್ರೆಡ್ಡಿಗೆ 2 ಎಂಬಿ ಕ್ಯಾಶ್ ಬೇಕು. ಥ್ರೆಡ್ ಹೆಚ್ಚಿಸಿದರೂ ದರ ಏರದಿದ್ದರೆ ಕ್ಯಾಶ್ ಮುಗಿದಿದೆ. ‘ಹ್ಯೂಜ್ ಪೇಜಸ್’ ಸಿಗುತ್ತಿಲ್ಲ ಎಂಬ ಸೂಚನೆ ಬಂದರೆ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು.

ಸೆಕೆಂಡ್ ಹ್ಯಾಂಡ್ ಏಸಿಕ್‌ನಲ್ಲಿ ವೈರಸ್ ಇರುವ ಸಾಧ್ಯತೆ ನಿಜವಾದದ್ದು. ಅದು ಪೂಲಿನ ವಿಳಾಸವನ್ನು ಬದಲಿಸಿ ದುಡಿಮೆಯನ್ನು ಬೇರೆಯವರ ಖಾತೆಗೆ ತಿರುಗಿಸುತ್ತದೆ. ಯಂತ್ರ ಪೂರ್ತಿ ದರದಲ್ಲಿ ಓಡುತ್ತಿದ್ದು ಪೂಲಿನಲ್ಲಿ ಏನೂ ಕಾಣದಿದ್ದರೆ ಇದನ್ನು ಶಂಕಿಸಬೇಕು. ಕೊಂಡ ಮೊದಲ ದಿನವೇ ತಯಾರಕರ ಫರ್ಮ್‌ವೇರ್ ಹೊಸದಾಗಿ ಹಾಕಿ, ಎಲ್ಲರಿಗೂ ಗೊತ್ತಿರುವ ಮೂಲ ಪಾಸ್‌ವರ್ಡನ್ನು ಬದಲಿಸಬೇಕು. ಫರ್ಮ್‌ವೇರ್ ಬರೆಯುವಾಗ ಕರೆಂಟ್ ಹೋದರೆ ಯಂತ್ರ ಏಳದೆ ಉಳಿಯಬಹುದು. ಆ ಕೆಲಸಕ್ಕೆ ಲೈನ್ ಸ್ಥಿರವಾಗಿರುವ ಹೊತ್ತನ್ನೇ ಆರಿಸಿಕೊಳ್ಳಬೇಕು.

ಕರೆಂಟ್ ಬಿಲ್ಲಿನ ಲೆಕ್ಕ

ಎಲ್ಲವೂ ಸರಿಯಾಗಿ ಓಡುತ್ತಿರುವ ಎಸ್9 ದಿನಕ್ಕೆ 32.4 ಯೂನಿಟ್, ತಿಂಗಳಿಗೆ ಸುಮಾರು 970 ಯೂನಿಟ್ ಬಳಸುತ್ತದೆ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಉಚಿತ ಕರೆಂಟ್ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಯಂತ್ರ ಅಷ್ಟನ್ನು ಒಂದೇ ವಾರದಲ್ಲಿ ಮುಗಿಸುತ್ತದೆ, 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೂ ದಿನದ ಕರೆಂಟ್ ಖರ್ಚು 194 ರೂಪಾಯಿ.

ಗಳಿಕೆಯ ಕಡೆ ನೋಡಿದರೆ, 2025ರಲ್ಲಿ ಬಿಟ್‌ಕಾಯಿನ್ ಜಾಲದ ಒಟ್ಟು ಬಲ ಸೆಕೆಂಡಿಗೆ ಒಂದು ಜೆಟಾಹ್ಯಾಶ್ ಮುಟ್ಟಿತು. ಅದು 100 ಕೋಟಿ ಟೆರಾಹ್ಯಾಶ್. ಎಸ್9ನ ಬಲ 13.5 ಟೆರಾಹ್ಯಾಶ್. ದಿನಕ್ಕೆ ಹುಟ್ಟುವ ಸುಮಾರು 450 ಬಿಟ್‌ಕಾಯಿನ್‌ನಲ್ಲಿ ಅದರ ಪಾಲನ್ನು, ಒಂದು ಬಿಟ್‌ಕಾಯಿನ್‌ಗೆ 1 ಕೋಟಿ ರೂಪಾಯಿ ಎಂದೇ ಹಿಡಿದು ಲೆಕ್ಕ ಹಾಕಿದರೆ 61 ರೂಪಾಯಿ ಆಗುತ್ತದೆ. ದಿನಕ್ಕೆ 133 ರೂಪಾಯಿ ನಷ್ಟ. ಎಸ್19 ಪ್ರೊ ಗಳಿಸುವುದು ಸುಮಾರು 495 ರೂಪಾಯಿ, ಅದರ ಕರೆಂಟ್ ಖರ್ಚು 468. ಉಳಿಯುವ 27 ರೂಪಾಯಿಯಲ್ಲಿ ಪೂಲಿನ ಶುಲ್ಕ, ಬಿಲ್ಲಿನ ನಿಗದಿತ ಶುಲ್ಕ, ಯಂತ್ರದ ಬೆಲೆ ಯಾವುದೂ ಹುಟ್ಟುವುದಿಲ್ಲ. ಬಿಟ್‌ಆಕ್ಸ್‌ನ 1.2 ಟೆರಾಹ್ಯಾಶ್ ಸಾಧನ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ಕಡಿಮೆ ಬಳಸುತ್ತದೆ. ಒಂಟಿಯಾಗಿ ಹುಡುಕಿದರೆ ಅದಕ್ಕೆ ಒಂದು ಬ್ಲಾಕ್ ಸಿಗುವುದು ಸರಾಸರಿ 16 ಸಾವಿರ ವರ್ಷಕ್ಕೊಮ್ಮೆ. ಕಲಿಯಲು ಅದು ಒಳ್ಳೆಯ ಸಾಧನ, ಸಂಪಾದನೆಗೆ ಅಲ್ಲ.

ಪಂಪ್‌ಸೆಟ್‌ನ ಉಚಿತ ಕರೆಂಟಿಗೆ ಯಂತ್ರ ಜೋಡಿಸಿದರೆ ಲಾಭ ಎಂಬ ಆಲೋಚನೆ ಅಪಾಯಕಾರಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆ ಕೆಲಸಕ್ಕೆ ಕರೆಂಟ್ ಬಳಸುವುದು ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 126ರಡಿ ಅನಧಿಕೃತ ಬಳಕೆ. ಕಳ್ಳತನಕ್ಕೆ ಸೆಕ್ಷನ್ 135 ಇದೆ. ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ, ಯಾವ ದರಪಟ್ಟಿ ಅನ್ವಯಿಸುತ್ತದೆ ಎಂಬ ಸಂಶಯವಿದ್ದರೆ, ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು.

ಕಾನೂನು ಮತ್ತು ಮೋಸ

ಭಾರತದಲ್ಲಿ ಮೈನಿಂಗ್ ನಿಷೇಧಿಸುವ ಕಾಯ್ದೆ ಇಲ್ಲ. ಬ್ಯಾಂಕ್‌ಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಮಾಡಿತು. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಆ ವರ್ಷದ ಜುಲೈನಿಂದ ಮಾರಾಟಕ್ಕೆ ಶೇ 1 ಟಿಡಿಎಸ್ ಇದೆ. ಮೈನಿಂಗ್‌ನ ಮೂಲಸೌಕರ್ಯದ ಖರ್ಚನ್ನು ನಾಣ್ಯದ ಕೊಳ್ಳುಬೆಲೆ ಎಂದು ತೋರಿಸಿ ತೆರಿಗೆಯ ಲೆಕ್ಕದಲ್ಲಿ ಲಾಭದಿಂದ ಕಳೆಯಲು ಬರುವುದಿಲ್ಲವೆಂದು ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಸಂಸತ್ತಿಗೆ ತಿಳಿಸಿದೆ. ಮೇಲಿನ ಲೆಕ್ಕದ 495 ರೂಪಾಯಿಗೆ ಈ ತೆರಿಗೆಯೇ 148 ರೂಪಾಯಿ ಆದರೆ ಎಸ್19 ಪ್ರೊ ಕೂಡ ನಷ್ಟಕ್ಕೆ ಇಳಿಯುತ್ತದೆ.

ಯಂತ್ರದ ರಗಳೆಯೇ ಬೇಡ, ಹಣ ಹಾಕಿ, ನಾವು ಮೈನ್ ಮಾಡಿಕೊಡುತ್ತೇವೆ ಎನ್ನುವ ಆ್ಯಪ್‌ಗಳು, ಏಜೆಂಟರು ಇನ್ನೂ ದೊಡ್ಡ ಅಪಾಯ. 2015ರಲ್ಲಿ ಶುರುವಾದ ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ಕ್ಲೌಡ್ ಮೈನಿಂಗ್ ಹೆಸರಿನಲ್ಲಿ 18 ತಿಂಗಳು ತಿಂಗಳಿಗೆ ಶೇ 10ರಷ್ಟು ಲಾಭ ಕೊಡುವುದಾಗಿ ನಂಬಿಸಿ ದೇಶದುದ್ದಕ್ಕೂ ಹೂಡಿಕೆದಾರರನ್ನು ಮುಳುಗಿಸಿತು. ಅದರ ತನಿಖೆ ಸಿಬಿಐ ಕೈಯಲ್ಲಿದೆ. ಮೈನಿಂಗ್‌ನಲ್ಲಿ ನಿಗದಿತ ಲಾಭ ಎಂಬುದೇ ಇರಲು ಸಾಧ್ಯವಿಲ್ಲ. ಕಷ್ಟದ ಮಟ್ಟ, ನಾಣ್ಯದ ಬೆಲೆ ಎರಡೂ ಬದಲಾಗುತ್ತಲೇ ಇರುತ್ತವೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಬೇಕು.

ಮೈನಿಂಗ್ ಯಂತ್ರದ ಬಹುಪಾಲು ದೋಷಗಳಿಗೆ ಮದ್ದು ಇದೆ. ದಪ್ಪ ತಂತಿ, ಜೀವಂತ ಅರ್ಥಿಂಗ್, ಗಾಳಿಯ ದಾರಿ, ಶುಚಿ, ಬಿಗಿಯಾದ ಕನೆಕ್ಟರ್, ನಂಬಿಕಸ್ತ ಸಾಫ್ಟ್‌ವೇರ್ ಇಷ್ಟಿದ್ದರೆ ಯಂತ್ರ ವರ್ಷಗಟ್ಟಲೆ ಓಡುತ್ತದೆ. ಗಳಿಕೆಗಿಂತ ಕರೆಂಟ್ ಬಿಲ್ ದೊಡ್ಡದಾಗುವ ದೋಷಕ್ಕೆ ಮಾತ್ರ ಯಾವ ಮೆಕ್ಯಾನಿಕ್ಕನ ಹತ್ತಿರವೂ ರಿಪೇರಿ ಇಲ್ಲ. ಕೌತುಕಕ್ಕೆ, ಕಲಿಕೆಗೆ ಸಣ್ಣ ಸಾಧನ ಕೊಳ್ಳುವವರು ಕೊಳ್ಳಲಿ. ಅಡಿಕೆ ಮಾರಿದ ಹಣವನ್ನೋ ಸಹಕಾರ ಸಂಘದ ಸಾಲವನ್ನೋ ಹಳೆಯ ಯಂತ್ರಕ್ಕೆ ಸುರಿಯುವ ಮೊದಲು, ಅದರ ವಾಟ್ ಎಷ್ಟು, ಯೂನಿಟ್ ದರ ಎಷ್ಟು, ದಿನದ ಗಳಿಕೆ ಎಷ್ಟು ಎಂಬ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡುವುದು ಪ್ರತಿ ಮನೆಯವರ ಕರ್ತವ್ಯ.